ನಿದ್ದೆ ಬರಿಸುವ ಆ್ಯಂಟಿಸೈಕೋಟಿಕ್‌ಗಳು: ಕ್ವೆಟಿಯಪಿನ್, ಓಲಾಂಜಪಿನ್, ರಿಸ್ಪೆರಿಡೋನ್‌ ನಡುವೆ ವ್ಯತ್ಯಾಸವೇನು?

ಅರೆನಿದ್ದೆ:
ಆ್ಯಂಟಿಸೈಕೋಟಿಕ್‌ಗಳು, ಅಂದರೆ ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ಮನೋರೋಗಗಳ ಮದ್ದುಗಳು, ಒಂದೇ ಗುಂಪಿನ ಔಷಧಿಗಳಾದರೂ ಕೆಲವು ತೂಕಡಿಸುವಂತೆ ಮಾಡುತ್ತವೆ, ಕೆಲವು ಇದ್ದ ನಿದ್ದೆಯನ್ನೂ ಓಡಿಸುತ್ತವೆ. ಕ್ವೆಟಿಯಪಿನ್ 25 ಮಿ.ಗ್ರಾಂನಲ್ಲೇ ಕಣ್ಣು ಎಳೆಯುತ್ತದೆ, ಆದರೆ ಕಾಯಿಲೆಗೆ 300ರಿಂದ 800ರವರೆಗೂ ಕೊಡುತ್ತಾರೆ. ಡೋಸ್ ಹತ್ತು ಪಟ್ಟು ಏರಿದರೂ ನಿದ್ದೆ ಅಷ್ಟೇ ಏಕೆ ಏರುವುದಿಲ್ಲ? ಬೆಳಗಿನ ಮಂಪರು ಯಾವುದರಲ್ಲಿ ಕಡಿಮೆ, ತೂಕ ಯಾವುದರಲ್ಲಿ ಹೆಚ್ಚು? ಮನೋರೋಗ ಏನೂ ಇಲ್ಲದೆ ಬರೀ ನಿದ್ದೆಗೆಂದೇ ಇವನ್ನು ತೆಗೆದುಕೊಳ್ಳುವುದು ಸರಿಯೇ?

ಗುಳಿಗೆಡಬ್ಬಿ:
ಇಲ್ಲಿ ನಿದ್ದೆ ಬರುವುದು ಮೆದುಳಿನ ರಾಸಾಯನಿಕ ಡೋಪಮಿನ್ ತಡೆಯಿಂದಲ್ಲ, ನಮ್ಮನ್ನು ಎಚ್ಚರವಾಗಿಡುವ ಹಿಸ್ಟಮಿನ್‌ನ ಎಚ್1 ಗ್ರಾಹಕ (ಅದು ಕೆಲಸ ಮಾಡಲು ಬೇಕಾದ ಬಾಗಿಲು) ಮುಚ್ಚಿಹೋಗುವುದರಿಂದ. ಕ್ವೆಟಿಯಪಿನ್ 25–50ರಲ್ಲೇ ಆ ಬಾಗಿಲುಗಳಲ್ಲಿ ಬಹುಪಾಲು ಮುಚ್ಚಿರುತ್ತವೆ. ಮುಚ್ಚಿದ ಬಾಗಿಲನ್ನು ಮತ್ತೆ ಮುಚ್ಚಲಾಗುವುದಿಲ್ಲವಲ್ಲ, ಅದಕ್ಕೇ 300ಕ್ಕೆ ಹತ್ತು ಪಟ್ಟು ನಿದ್ದೆ ಬರುವುದಿಲ್ಲ. ಆ ಎತ್ತರದಲ್ಲಿ ಸಿಗುವುದು ಡೋಪಮಿನ್ ಮೇಲಿನ ಪರಿಣಾಮ, ಕಾಯಿಲೆಗೆ ಬೇಕಾದದ್ದು ಅದು. ಅಂದರೆ 25 ಮಿ.ಗ್ರಾಂ ಕ್ವೆಟಿಯಪಿನ್ ಹೆಚ್ಚುಕಡಿಮೆ ಅಲರ್ಜಿ ಮಾತ್ರೆಯ ಕೆಲಸ ಮಾಡುತ್ತದೆ, ಸಾಮಾನು ಮಾತ್ರ ಹೆಚ್ಚು ಹೊತ್ತುಕೊಂಡು ಬಂದಿರುತ್ತದೆ.

ಬೆಳಗಿನ ಮಂಪರಿಗೆ ಎರಡು ಲೆಕ್ಕ ನೋಡಿ: ರಕ್ತದಲ್ಲಿ ಗರಿಷ್ಠ ಮಟ್ಟಕ್ಕೆ ಏರಲು ಎಷ್ಟು ಹೊತ್ತು, ಅರ್ಧಕ್ಕೆ ಇಳಿಯಲು ಎಷ್ಟು ಹೊತ್ತು. ಸಾದಾ ಕ್ವೆಟಿಯಪಿನ್ ಸುಮಾರು ಒಂದೂವರೆ ಗಂಟೆಗೆ ಏರುತ್ತದೆ, 7 ಗಂಟೆಗೆ ಅರ್ಧವಾಗುತ್ತದೆ. ಅದೇ ಮದ್ದಿನ ಎಕ್ಸ್‌ಆರ್ (ನಿಧಾನವಾಗಿ ಮದ್ದು ಬಿಡುವ) ಮಾತ್ರೆ ಏರುವುದೇ 6 ಗಂಟೆಗೆ. ಮಲಗುವ ಹೊತ್ತಿಗೆ ನುಂಗಿದರೆ ಬೆಳಗಿನ ಜಾವ ಜೋರಾಗಿ, ಎದ್ದಾಗ ತಲೆ ಭಾರ. ಎಕ್ಸ್‌ಆರ್ ಅನ್ನು ಮುರಿಯಬಾರದು, ಅಗಿಯಬಾರದು, ಜಿಡ್ಡಿನ ಭರ್ಜರಿ ಊಟದ ಜೊತೆಗೂ ಬೇಡ, ಮಟ್ಟ ಏರಿಬಿಡುತ್ತದೆ.

ಓಲಾಂಜಪಿನ್ ಗರಿಷ್ಠಕ್ಕೆ ಬರಲು ಸುಮಾರು 6 ಗಂಟೆ, ಅರ್ಧವಾಗಲು ಸುಮಾರು 30 ಗಂಟೆ. ದಿನಾ ತೆಗೆದುಕೊಂಡರೆ ಒಂದು ವಾರ ಮೇಲೆ ಮೇಲೆ ಕೂಡುತ್ತಾ ಹೋಗುತ್ತದೆ, ಆದ್ದರಿಂದ ಮೊದಲ ರಾತ್ರಿಯ ಅನುಭವ ನೋಡಿ ತೀರ್ಮಾನಿಸಬಾರದು. ಗಾಢ ನಿದ್ದೆಯ ಹಂತವನ್ನು ಇದು ಹೆಚ್ಚಿಸುತ್ತದೆ, ಆ ಮಟ್ಟಿಗೆ ಒಳ್ಳೆಯ ಗುಣ. ರಿಸ್ಪೆರಿಡೋನ್‌ನಲ್ಲಿ ಮಂಪರು ಕಡಿಮೆ, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನ ಏರಿಕೆ ಹೆಚ್ಚು: ಮುಟ್ಟು ತಪ್ಪುವುದು, ಎದೆಯಲ್ಲಿ ಹಾಲು ಬರುವುದು, ಕಾಮಾಸಕ್ತಿ ಕುಗ್ಗುವುದು. ಇದೇ ಗುಂಪಿನ ಆರಿಪಿಪ್ರಜೋಲ್ ಅನೇಕರಿಗೆ ಎಚ್ಚರ ತರುವ ಮದ್ದು, ಅರ್ಧಕ್ಕಿಳಿಯಲು 75 ಗಂಟೆ. ನಿದ್ದೆ ಕೆಡಿಸಿದರೆ ಬೆಳಿಗ್ಗೆಗೆ ಬದಲಿಸುತ್ತಾರೆ. ಮಂಪರಿನಲ್ಲಿ ಎಲ್ಲಕ್ಕೂ ಮುಂದೆ ಕ್ಲೋಜಪಿನ್. ಬಿಳಿ ರಕ್ತಕಣ ಕುಸಿಯುವ ಅಪಾಯವಿರುವುದರಿಂದ ನಿದ್ದೆಗೆಂದು ಅದರ ಹೆಸರೇ ಎತ್ತಬಾರದು.

ವಾರ್ಡ್ ನಾಲ್ಕು:
ಗುಳಿಗೆಡಬ್ಬಿಯವರು ಬಿಟ್ಟ ಒಂದು ಗ್ರಾಹಕ ಇದೆ, ರಕ್ತನಾಳಗಳನ್ನು ಬಿಗಿಯಾಗಿಡುವ ಆಲ್ಫಾ-1. ಅದೂ ಮುಚ್ಚಿಹೋಗುತ್ತದೆ, ರಾತ್ರಿ ಬೀಳುವುದು ಅದರಿಂದ. ಕ್ವೆಟಿಯಪಿನ್ ತೆಗೆದುಕೊಂಡವರು ನಡುರಾತ್ರಿ ಮೂತ್ರಕ್ಕೆ ಥಟ್ಟನೆ ಎದ್ದರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕಾಲು ಇಳಿಬಿಟ್ಟು ಕೂತು, ಆಮೇಲೆ ಎದ್ದು ನಿಲ್ಲಬೇಕು. ಮದ್ದು ಶುರುವಾದ ದಿನಗಳಲ್ಲಿ, ಡೋಸ್ ಏರಿಸಿದಾಗ, ಬಿಪಿ ಮಾತ್ರೆಯೂ ಇದ್ದಾಗ ಇದು ಹೆಚ್ಚು.

ಸಿಗರೇಟಿನ ವಿಷಯ ಯಾರೂ ಕೇಳುವುದಿಲ್ಲ, ಆದರೆ ಹೇಳಲೇಬೇಕು. ಹೊಗೆಯಲ್ಲಿನ ಟಾರ್, ಓಲಾಂಜಪಿನ್ ಮತ್ತು ಕ್ಲೋಜಪಿನ್ ಕರಗಿಸುವ ಯಕೃತ್ತಿನ ಕಿಣ್ವವನ್ನು ಚುರುಕಾಗಿಸುತ್ತದೆ. ಸೇದುವುದು ಬಿಟ್ಟ ಒಂದು ವಾರದೊಳಗೆ ಅದೇ ಡೋಸ್ ಹೆಚ್ಚಾಗಿ ಪರಿಣಮಿಸಿ ಹಗಲಿಡೀ ಜೋಂಪು ಹಿಡಿಯಬಹುದು. ನಿಕೋಟಿನ್ ಪಟ್ಟಿ ಹಚ್ಚಿಕೊಂಡರೂ ಇದು ತಪ್ಪುವುದಿಲ್ಲ, ಏಕೆಂದರೆ ಕಾರಣ ನಿಕೋಟಿನ್ ಅಲ್ಲ. ಬಿಡುವ ಮೊದಲೇ ಡಾಕ್ಟರಿಗೆ ತಿಳಿಸಿ. ಕ್ವೆಟಿಯಪಿನ್‌ಗೆ ಸಿಗರೇಟಿನ ಗೊಡವೆಯಿಲ್ಲ. ಅದಕ್ಕೆ ಅಡ್ಡ ಬರುವುದು ಕ್ಲಾರಿತ್ರೋಮೈಸಿನ್, ಕೀಟೋಕೊನಜೋಲ್, ಗ್ರೇಪ್‌ಫ್ರೂಟ್ ರಸ. ಇವು ಮಟ್ಟ ಏರಿಸುತ್ತವೆ. ಕಾರ್ಬಮಜಪಿನ್, ಫೆನಿಟಾಯಿನ್ ಇಳಿಸುತ್ತವೆ. ಮದ್ಯವಂತೂ ಎಲ್ಲದರ ಜೊತೆಗೂ ಬೇಡ.

ಅರೆನಿದ್ದೆ:
ಮಾತ್ರೆ ಶುರುವಾದ ಮೇಲೆ ನಿದ್ದೆ ಇನ್ನೂ ಹಾಳಾದರೆ? ಡೋಸ್ ಸಾಲದೆ ಹಾಗಾಗುತ್ತದೋ, ಮದ್ದೇ ಕೆಡಿಸುತ್ತಿದೆಯೋ, ಗುರುತು ಹಿಡಿಯುವುದು ಹೇಗೆ?

ವಾರ್ಡ್ ನಾಲ್ಕು:
ಕಾಲು ಕೇಳಿ. ಮಲಗಿದರೆ ಸಮಾಧಾನವಿಲ್ಲ, ಕೂತರೂ ಇಲ್ಲ, ಒಳಗಿನಿಂದ ಯಾರೋ ಎಬ್ಬಿಸಿದಂತೆ ಅತ್ತಿತ್ತ ನಡೆಯಬೇಕೆನಿಸಿದರೆ ಅದು ಅಕಥೀಸಿಯಾ. ಹ್ಯಾಲೋಪೆರಿಡಾಲ್, ರಿಸ್ಪೆರಿಡೋನ್, ಆರಿಪಿಪ್ರಜೋಲ್‌ಗಳಲ್ಲಿ ಕಾಣುವ ಪಾಡು, ಮದ್ದು ಶುರುವಾದ ಅಥವಾ ಡೋಸ್ ಏರಿದ ಮೊದಲ ವಾರಗಳಲ್ಲಿ. ಇದನ್ನು ಆತಂಕವೆಂದೋ ಕಾಯಿಲೆ ಕೆರಳಿತೆಂದೋ ತಪ್ಪು ತಿಳಿದು ಡೋಸ್ ಏರಿಸಿದರೆ ಇನ್ನಷ್ಟು ಬಿಗಡಾಯಿಸುತ್ತದೆ. ಡೋಸ್ ಇಳಿಸುವುದು, ಮದ್ದು ಬದಲಿಸುವುದು, ಪ್ರೊಪ್ರನೊಲಾಲ್ ಸೇರಿಸುವುದು, ಇವು ಡಾಕ್ಟರ ಮುಂದಿರುವ ದಾರಿಗಳು.

ಹಗಲು ಕಾಲು ಸುಮ್ಮನಿದ್ದು, ಸಂಜೆಯ ಮೇಲೆ ಮಾತ್ರ ಒಳಗೆ ಹರಿದಾಡಿದಂತಾಗಿ, ಆಡಿಸಿದರೆ ಹಾಯೆನಿಸಿದರೆ ಅದು ರೆಸ್ಟ್‌ಲೆಸ್ ಲೆಗ್ಸ್. ಡೋಪಮಿನ್ ತಡೆಯುವ ಮದ್ದೂ ಹಿಸ್ಟಮಿನ್ ತಡೆಯುವ ಮದ್ದೂ ಅದನ್ನು ಕೆರಳಿಸುತ್ತವೆ, ಕ್ವೆಟಿಯಪಿನ್ ಎರಡನ್ನೂ ಮಾಡುತ್ತದೆ. ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ತೋರಿಸುವ ರಕ್ತಪರೀಕ್ಷೆ) ನೋಡಿಸಿ.

ಇರುಳುಗಣ್ಣು:
ಬರೀ ನಿದ್ದೆಗೆಂದು ಇವನ್ನು ತೆಗೆದುಕೊಳ್ಳುವುದು ಸರಿಯೇ ಎಂದು ಅರೆನಿದ್ದೆಯವರು ಮೊದಲೇ ಕೇಳಿದ್ದಕ್ಕೆ ಯಾರೂ ಉತ್ತರಿಸಲಿಲ್ಲ. ಬರೀ ನಿದ್ರಾಹೀನತೆಗೆ ಇವು ಮೊದಲ ಆಯ್ಕೆಯಲ್ಲ. ಅಮೆರಿಕದ ಮನೋವೈದ್ಯರ ಸಂಘವೂ ವಯಸ್ಕರಿಗೆ ಹಾಗೆ ರೂಢಿಯಂತೆ ಬರೆಯಬೇಡಿ ಎಂದೇ ಹೇಳುತ್ತದೆ. ಬೈಪೋಲಾರ್, ಸ್ಕಿಜೋಫ್ರೇನಿಯಾ ಇರುವವರಿಗೆ ಹೇಗಿದ್ದರೂ ಬೇಕಾದ ಮದ್ದನ್ನು ರಾತ್ರಿಗೆ ಕೂಡಿಸಿ ನಿದ್ದೆಯ ಲಾಭವನ್ನೂ ಪಡೆಯುವುದು ಜಾಣತನ. ಅದು ಬೇರೆ ಮಾತು.

'ಅಲರ್ಜಿ ಮಾತ್ರೆಯ ಕೆಲಸ' ಎಂಬ ಹೋಲಿಕೆಯನ್ನು ಓದಿ 25 ಮಿ.ಗ್ರಾಂ ಅಪಾಯವಿಲ್ಲದ್ದು ಎಂದುಕೊಳ್ಳಬೇಡಿ. ಸಣ್ಣ ಡೋಸಿನಲ್ಲೂ ತೂಕ ಏರುವುದುಂಟು. ತೂಕ, ಶುಗರ್, ಕೊಬ್ಬಿನ ವಿಷಯದಲ್ಲಿ ಕ್ಲೋಜಪಿನ್ ಮತ್ತು ಓಲಾಂಜಪಿನ್ ಮುಂಚೂಣಿಯಲ್ಲಿ, ಕ್ವೆಟಿಯಪಿನ್, ರಿಸ್ಪೆರಿಡೋನ್ ನಡುವೆ, ಆರಿಪಿಪ್ರಜೋಲ್ ಕೆಳಗೆ. ಶುರುಮಾಡುವ ಮೊದಲು ತೂಕ, ಸೊಂಟದ ಸುತ್ತಳತೆ, ಬಿಪಿ, ಖಾಲಿ ಹೊಟ್ಟೆಯ ಶುಗರ್, ಲಿಪಿಡ್ ಬರೆದಿಡಬೇಕು. ತೂಕವನ್ನು 4, 8, 12ನೇ ವಾರ, ರಕ್ತಪರೀಕ್ಷೆಯನ್ನು 12ನೇ ವಾರ ಮತ್ತೆ ಮಾಡಿಸಬೇಕು. ಜೋರಾಗಿ ಗೊರಕೆ, ಉಸಿರು ಕಟ್ಟಿ ಏಳುವುದು ಇದ್ದರೆ ಮೊದಲು ಸ್ಲೀಪ್ ಆಪ್ನಿಯಾ ನೋಡಿಸಿ. ಮಾತ್ರೆ ತೂಕ ಏರಿಸುತ್ತದೆ, ತೂಕ ಆಪ್ನಿಯಾ ಹೆಚ್ಚಿಸುತ್ತದೆ, ಆಪ್ನಿಯಾ ನಿದ್ದೆ ಕೆಡಿಸುತ್ತದೆ, ಮತ್ತೆ ಡೋಸ್ ಏರುತ್ತದೆ. ಮರೆವಿನ ಕಾಯಿಲೆಯ ವೃದ್ಧರಲ್ಲಿ ಇವು ಸಾವಿನ ಸಂಭವ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲಿ ಹೊಸ ಮದ್ದುಗಳಿಗೆ, 2008ರಲ್ಲಿ ಹಳೆಯವಕ್ಕೂ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದೆ.

ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಸಿಬಿಟಿ-ಐ, ಅಂದರೆ ಮಾತ್ರೆಯಿಲ್ಲದೆ ನಿದ್ದೆಯ ಅಭ್ಯಾಸ, ಯೋಚನೆಗಳನ್ನು ತಿದ್ದುವ ಚಿಕಿತ್ಸೆ. ಏಳುವ ಹೊತ್ತು ರಜಾದಿನವೂ ಒಂದೇ. ಎರಡು ವಾರ ಡೈರಿ ಬರೆದು ಸರಾಸರಿ ಎಷ್ಟು ನಿದ್ದೆ ಬರುತ್ತಿದೆಯೋ ಅಷ್ಟೇ ಹೊತ್ತು ಹಾಸಿಗೆ, ಆದರೆ 5 ಗಂಟೆಗಿಂತ ಕಡಿಮೆ ಬೇಡ. ಸುಮಾರು 20 ನಿಮಿಷ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕಡೆ ಕೂತು, ಕಣ್ಣು ಎಳೆದಾಗ ಮತ್ತೆ ಬಂದು ಮಲಗುವುದು. ಬೈಪೋಲಾರ್ ಇರುವವರು ಹೀಗೆ ಹೊತ್ತು ಕಡಿತ ಮಾಡಿಕೊಳ್ಳಬಾರದು, ನಿದ್ದೆ ಕಡಿಮೆಯಾದರೆ ಮೇನಿಯಾ (ಅತಿ ಉತ್ಸಾಹ, ಉದ್ರೇಕದ ಹಂತ) ಕೆರಳಬಹುದು.

ಈಗಾಗಲೇ ನಿದ್ದೆಗೆಂದೇ ತೆಗೆದುಕೊಳ್ಳುತ್ತಿರುವವರು ಥಟ್ಟನೆ ನಿಲ್ಲಿಸಬೇಡಿ. ವಾಕರಿಕೆಯ ಜೊತೆ ಕೆಲವು ರಾತ್ರಿ ನಿದ್ದೆ ಮೊದಲಿಗಿಂತ ಕೆಡಬಹುದು. 'ಮಾತ್ರೆ ಇಲ್ಲದೆ ನನಗಾಗದು' ಎಂಬ ನಂಬಿಕೆ ಬಹಳ ಸಲ ಹುಟ್ಟುವುದು ಆ ರಾತ್ರಿಗಳಲ್ಲೇ. ಬರೆದುಕೊಟ್ಟವರ ಜೊತೆ ಕೂತು ಹಂತ ಹಾಕಿಸಿಕೊಳ್ಳಿ, ಉದಾಹರಣೆಗೆ 50ರಿಂದ 25, ಒಂದೆರಡು ವಾರ ಬಿಟ್ಟು 12.5. ಸಾದಾ ಮಾತ್ರೆಯಾದರೆ ಅರ್ಧ ಮಾಡಬಹುದು, ಎಕ್ಸ್‌ಆರ್ ಇದ್ದರೆ ಮೊದಲು ಸಾದಾ ಮಾತ್ರೆಗೆ ಬದಲಿಸಿಕೊಂಡೇ ಇಳಿಯಬೇಕಾಗುತ್ತದೆ.