ವೈಟಲ್‌ನಲ್ಲಿ ವೊಬಲ್ ಬಾಸ್: ಹೆಡ್‌ಫೋನ್‌ನಲ್ಲಿ ಸಖತ್ತಾಗಿದೆ, ಮೆರವಣಿಗೆ ಸೆಟ್‌ನಲ್ಲಿ ಅಲುಗಾಡೋದೇ ಇಲ್ಲ

ಶಿರಾಗೇಟ್_ಬೀಟ್ಸ್, ತುಮಕೂರು

ಗಣೇಶನ ಮೆರವಣಿಗೆಗೆ ತಮಟೆ ಲೂಪ್ ಇಟ್ಕೊಂಡು, ಅದರ ಕೆಳಗೆ ವೊಬಲ್ ಬಾಸ್ ('ವೊಂವ್ ವೊಂವ್' ಅಂತ ತೂಗಾಡೋ ಬಾಸ್) ಹಾಕಿ ಒಂದು ಟ್ರ್ಯಾಕ್ ಮಾಡ್ತಿದ್ದೀನಿ. ಟ್ರ್ಯಾಕ್ ಜೋಡಿಸೋಕೆ ಎಫ್‌ಎಲ್ ಸ್ಟುಡಿಯೊ, ಸದ್ದು ಹುಟ್ಟಿಸೋಕೆ ಫ್ರೀ ಸಿಂತ್ ಪ್ಲಗಿನ್ ವೈಟಲ್, ವೇಗ 140 ಬಿಪಿಎಂ (ನಿಮಿಷಕ್ಕೆ 140 ಬೀಟ್). ಪ್ಯಾಚ್ ಇಷ್ಟೇ: ಆಸಿಲೇಟರ್ (ಸ್ವರ ಹುಟ್ಟಿಸೋ ಭಾಗ) 1ರಲ್ಲಿ ಸಾ ವೇವ್ (ಗರಗಸದ ಹಲ್ಲಿನಂಥ ಅಲೆ), ಯೂನಿಸನ್ (ಒಂದೇ ನೋಟ್‌ಗೆ ಸೇರೋ ದನಿಗಳು) 7, ಮೇಲಿನ ಸದ್ದು ಕತ್ತರಿಸೋ ಲೋ ಪಾಸ್ ಫಿಲ್ಟರ್, ಅದರ ಕಟಾಫ್‌ಗೆ (ಕತ್ತರಿಸೋಕೆ ಶುರುವಾಗೋ ಮಟ್ಟ) ಎಲ್‌ಎಫ್‌ಒ 1 (ನಾಬನ್ನ ತಾನೇ ಏರಿಸಿ ಇಳಿಸೋ ನಿಧಾನ ಅಲೆ), ರೇಟ್ 1/8, ಎಲ್‌ಎಫ್‌ಒ ಕೆಳಗಿರೋ ಸ್ಟೀರಿಯೊ ನಾಬ್ ಪೂರ್ತಿ. ಬಾಸ್ ಲೈನ್ ಸಿ ಮತ್ತು ಡಿ ನೋಟ್‌ಗಳಲ್ಲಿದೆ, ಆದಷ್ಟು ಕೆಳಗೆ.

ಹೆಡ್‌ಫೋನ್‌ನಲ್ಲಿ ಎಡಕ್ಕೂ ಬಲಕ್ಕೂ ತೂಗಾಡ್ತಾ ಚೆನ್ನಾಗಿ ಕೇಳುತ್ತೆ. ಸೌಂಡ್ ಸೆಟ್‌ಗೆ ಹಾಕಿದ್ರೆ ವೊಬಲ್ ಮಾಯ, ಬರೀ 'ಗುಂಯ್' ಅಂತ ಒಂದೇ ದನಿ. ಕೆಲವು ನೋಟ್ ಕೇಳೋದೇ ಇಲ್ಲ. ಜೊತೆಗೆ ಒಂದೊಂದು ನೋಟ್ ವೊಬಲ್‌ನ ಒಂದೊಂದು ಜಾಗದಿಂದ ಶುರುವಾಗುತ್ತೆ, ಪ್ರತಿ ಸುತ್ತಿಗೂ 'ಟಿಕ್' ಅನ್ನುತ್ತೆ. ದುಡ್ಡು ಕೊಟ್ಟು ಸೀರಮ್ ಸಿಂತ್ ತಗೊಂಡ್ರೆ ಸರಿಹೋಗುತ್ತಾ?

ಚಿಂತಾಮಣಿ_ಸಿಂತ್

ಸೀರಮ್ ತಗೊಂಡು ಇದೇ ಪ್ಯಾಚ್ ಮಾಡಿದ್ರೆ ಇದೇ ತೊಂದರೆ ಬರುತ್ತೆ. ದುಡ್ಡು ಉಳಿಸ್ಕೊಳ್ಳಿ.

ತಪ್ಪಿರೋದು ಆ ಸ್ಟೀರಿಯೊ ನಾಬ್‌ನಲ್ಲಿ. ಅದು ಎಡ, ಬಲ ಚಾನೆಲ್‌ಗಳ ಎಲ್‌ಎಫ್‌ಒ ಫೇಸನ್ನ (ಅಲೆ ತನ್ನ ಸುತ್ತಿನಲ್ಲಿ ಇರೋ ಜಾಗ) ಬೇರೆಬೇರೆ ಮಾಡುತ್ತೆ. ಪೂರ್ತಿ ತಿರುಗಿಸಿದಾಗ ಎಡಗಡೆ ಫಿಲ್ಟರ್ ತೆರೆಯೋ ಹೊತ್ತಿಗೆ ಬಲಗಡೆದು ಮುಚ್ಚಿರುತ್ತೆ. ಮೆರವಣಿಗೆ ಸೆಟ್‌ಗಳು ಬಹುತೇಕ ಮೋನೊ, ಅಂದ್ರೆ ಎಡ ಬಲ ಸೇರಿ ಒಂದೇ ಚಾನೆಲ್. ಎರಡೂ ಚಾನೆಲ್ ಕೂಡಿದ ತಕ್ಷಣ ಯಾವಾಗಲೂ ಒಂದು ಕಡೆ ತೆರೆದು ಒಂದು ಕಡೆ ಮುಚ್ಚಿರೋದ್ರಿಂದ ಒಟ್ಟು ಸದ್ದು ಮಟ್ಟಸವಾಗಿಬಿಡುತ್ತೆ. ನೀವು ಹೇಳ್ತಿರೋ 'ಗುಂಯ್' ಅದೇ. ಆ ನಾಬ್ ಸೊನ್ನೆಗೆ ತನ್ನಿ. ಆಮೇಲೆ ಎಫ್‌ಎಲ್ ಮಿಕ್ಸರ್‌ನಲ್ಲಿ ಮಾಸ್ಟರ್‌ನ ಸ್ಟೀರಿಯೊ ಸೆಪರೇಷನ್ ನಾಬನ್ನ ಪೂರ್ತಿ ಮರ್ಜ್ಡ್ ಆಗೋ ತನಕ ತಿರುಗಿಸಿ ಮೋನೊದಲ್ಲೇ ಕೇಳ್ತಾ ಕೆಲಸ ಮಾಡಿ.

ಪ್ಯಾಚನ್ನ ಇನಿಟ್‌ನಿಂದ (ಖಾಲಿ ಪ್ಯಾಚ್) ಹೊಸದಾಗಿ ಕಟ್ಟೋದು ಒಳ್ಳೇದು:

ಆಸಿಲೇಟರ್ 1 ಸಾ, ಯೂನಿಸನ್ 1 ಅಥವಾ ಹೆಚ್ಚಂದ್ರೆ 3, ಡಿಟ್ಯೂನ್ (ಆ ದನಿಗಳ ನಡುವಿನ ಶ್ರುತಿ ವ್ಯತ್ಯಾಸ) ಕಮ್ಮಿ, ಫಿಲ್ಟರ್ 1ಕ್ಕೆ. 7 ದನಿ ಡಿಟ್ಯೂನ್ ಆಗಿ ಕೆಳಗಿನ ನೋಟ್‌ನಲ್ಲಿ ಸೇರಿದ್ರೆ ಒಂದನ್ನೊಂದು ಕೊಲ್ಲುತ್ತವೆ, ಬಾಸ್ ಬಂದು ಹೋಗ್ತಾ ಇರುತ್ತೆ. ಆಸಿಲೇಟರ್ 2 ಸೈನ್, ಯೂನಿಸನ್ 1, ಔಟ್‌ಪುಟ್ 'ಡೈರೆಕ್ಟ್ ಔಟ್'. ಅಂದ್ರೆ ಅದು ಫಿಲ್ಟರ್‌ಗೂ ಹೋಗಲ್ಲ, ಎಫೆಕ್ಟ್‌ಗೂ ಹೋಗಲ್ಲ. ಸಬ್ (ತೀರಾ ಕೆಳಗಿನ ಬಾಸ್, ಇಲ್ಲಿ ಆ ಸೈನ್) ಅಲುಗಾಡಬಾರದು, ಅದರ ಮೇಲಿನದು ಮಾತ್ರ ಕುಣೀಬೇಕು. ಎರಡೂ ಆಸಿಲೇಟರ್‌ನ ಫೇಸ್ ರ‍್ಯಾಂಡಮ್ ಶೇಕಡ 0 ಮಾಡಿ, ಇಲ್ಲದಿದ್ರೆ ಪ್ರತಿ ನೋಟ್‌ನ ಏಟು ಬೇರೆ ಬೇರೆ ಗಾತ್ರದಲ್ಲಿ ಬರುತ್ತೆ.

ಫಿಲ್ಟರ್ 1 ಲ್ಯಾಡರ್, 24 ಡಿಬಿ, ರೆಸೊನೆನ್ಸ್ (ಕಟಾಫ್ ಹತ್ತಿರದ ಉಬ್ಬು) ಶೇಕಡ 20ರಿಂದ 30, ಡ್ರೈವ್ (ಸದ್ದನ್ನ ಒರಟು ಮಾಡೋದು) ಸ್ವಲ್ಪ. ಕಟಾಫ್ ಕೆಳಗಡೆ ಸುಮಾರು 120 ಹರ್ಟ್ಸ್, ಎಲ್‌ಎಫ್‌ಒ ಪೂರ್ತಿ ಮೇಲೆ ಹೋದಾಗ 2ರಿಂದ 3 ಕಿಲೊಹರ್ಟ್ಸ್. ವಾಯ್ಸ್ 1, ಲೆಗಾಟೊ (ನೋಟ್‌ಗಳನ್ನ ಬಿಡದೆ ಕೂಡಿಸೋದು) ಆನ್, ಗ್ಲೈಡ್ (ನೋಟ್‌ನಿಂದ ನೋಟ್‌ಗೆ ಜಾರೋ ಹೊತ್ತು) 60ರಿಂದ 80 ಮಿಲಿಸೆಕೆಂಡ್. ಎಫ್‌ಎಲ್‌ನ ಸ್ಲೈಡ್ ನೋಟ್ ಅದರ ಸ್ವಂತ ಪ್ಲಗಿನ್‌ಗಳಿಗೆ ಮಾತ್ರ ಕೆಲಸ ಮಾಡೋದು, ವೈಟಲ್‌ಗೆ ತಾಗಲ್ಲ. ಜಾರಬೇಕು ಅಂದ್ರೆ ಒಂದು ನೋಟ್‌ನ ಬಾಲದ ಮೇಲೆ ಇನ್ನೊಂದು ನೋಟ್ ಏರಿಸಿ.

ಕೋಲಾರ_ಲೋಎಂಡ್

ಮೇಲಿನವರು ಹೇಳಿದ್ದು ಸರಿ, ಡೈರೆಕ್ಟ್ ಔಟ್ ವಿಚಾರ ಒಂದು ಬಿಟ್ಟು. ಒಂದೇ ವೈಟಲ್‌ನಲ್ಲಿ ಸಬ್ಬೂ ಸಾ ವೇವೂ ಇದ್ರೆ ಎರಡೂ ಒಂದೇ ಮಿಕ್ಸರ್ ಟ್ರ್ಯಾಕ್‌ಗೆ ಬರುತ್ತವೆ, ಆಮೇಲೆ ಬೇರ್ಪಡಿಸಕ್ಕಾಗಲ್ಲ. ಸಾ ವೇವ್ ಒಳಗೂ ಅದೇ ನೋಟ್‌ನ ಮೂಲ ಸ್ವರ ಇದೆಯಲ್ಲ. ಕಟಾಫ್ ಮೇಲೆ ಕೆಳಗೆ ಓಡಾಡುವಾಗ ಫಿಲ್ಟರ್ ಅದರ ಫೇಸನ್ನೂ ಅತ್ತಿತ್ತ ಎಳೆಯುತ್ತೆ. ಪಕ್ಕದಲ್ಲಿರೋ ಸೈನ್ ಮಾತ್ರ ನೆಟ್ಟಗಿರುತ್ತೆ. ಎರಡೂ ಒಮ್ಮೆ ಕೂಡಿ ಒಮ್ಮೆ ಕಳೆದು ಸಬ್ ತಾನೇ ತಾನಾಗಿ ಏರಿಳಿಯುತ್ತೆ.

ಅದಕ್ಕೆ ಎರಡು ವೈಟಲ್ ತೆರೆಯಿರಿ, ಎರಡು ಟ್ರ್ಯಾಕ್. ಒಂದರಲ್ಲಿ ಸೈನ್ ಮಾತ್ರ. ಇನ್ನೊಂದರಲ್ಲಿ ವೊಬಲ್, ಅದರ ಕೊನೇಲಿ ಈಕ್ಯೂ, 24 ಡಿಬಿ ಹೈ ಪಾಸ್ (ಕೆಳಗಿನ ಸದ್ದು ಕತ್ತರಿಸೋ ಫಿಲ್ಟರ್), 90ರಿಂದ 100 ಹರ್ಟ್ಸ್. ಹೈ ಪಾಸ್ ಡಿಸ್ಟಾರ್ಷನ್ (ಸದ್ದು ಒಡೆಯೋ ಎಫೆಕ್ಟ್) ಆದ ಮೇಲೇ ಬರಬೇಕು. ಮೊದಲೇ ಹಾಕಿದ್ರೆ, ಡಿಸ್ಟಾರ್ಷನ್ ಹಾರ್ಮೋನಿಕ್‌ಗಳ (ಮೂಲ ಸ್ವರದ ಎರಡು, ಮೂರು ಪಟ್ಟಿನ ಮೇಲಿನ ಸ್ವರಗಳು) ನಡುವಿನ ವ್ಯತ್ಯಾಸದಿಂದ ಆ ಮೂಲ ಸ್ವರವನ್ನೇ ಮತ್ತೆ ಹುಟ್ಟಿಸುತ್ತೆ, ಕಟ್ ಮಾಡಿದ್ದು ವ್ಯರ್ಥ.

ಕೇಳದೇ ಇರೋ ನೋಟ್‌ಗಳಿಗೆ ಕಾರಣ ಬೇರೆ. ಕೆಳಗಿನ ಸಿ 32.7 ಹರ್ಟ್ಸ್, ಡಿ 36.7. ಸೆಟ್‌ನವರು ಸ್ಪೀಕರ್ ಕೋನ್ ಉಳಿಸೋಕೆ ಪ್ರೊಸೆಸರ್‌ನಲ್ಲೇ 35ರಿಂದ 40 ಹರ್ಟ್ಸ್ ಕೆಳಗಿನದನ್ನ ಸಾಮಾನ್ಯವಾಗಿ ಕಟ್ ಮಾಡಿರ್ತಾರೆ. 18 ಇಂಚಿನ ಬಿನ್ (ಬಾಸ್ ಸ್ಪೀಕರ್ ಪೆಟ್ಟಿಗೆ) ಇದ್ರೂ ಅಷ್ಟೇ. ಟ್ರ್ಯಾಕನ್ನ ಎಫ್, ಜಿ ಅಥವಾ ಎ ಸ್ಕೇಲ್‌ಗೆ ಎತ್ತಿ: 43.65, 49, 55 ಹರ್ಟ್ಸ್. ನೋಟ್ ಹೆಸರಲ್ಲಿ ಮೋಸ ಹೋಗಬೇಡಿ. ಎಫ್‌ಎಲ್‌ನಲ್ಲಿ ಮಧ್ಯದ ಸಿ ಅನ್ನೋದು ಸಿ5, ಏಬಲ್‌ಟನ್ ಅನ್ನೋ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಅದೇ ಸಿ3. 43.65 ಹರ್ಟ್ಸ್ ಅಂದ್ರೆ ಮಿಡಿ ನಂಬರ್ (ಎಲ್ಲ ಸಾಫ್ಟ್‌ವೇರ್‌ಗೂ ಒಂದೇ ಆದ ನೋಟ್ ಸಂಖ್ಯೆ) 29. ಎಫ್‌ಎಲ್ ಪಿಯಾನೊ ರೋಲ್‌ನಲ್ಲಿ ಅದು ಎಫ್2, ಏಬಲ್‌ಟನ್‌ನಲ್ಲಿ ಎಫ್0. ಯೂಟ್ಯೂಬ್ ನೋಡಿ 'ಎಫ್1' ಅಂತ ಎಫ್‌ಎಲ್‌ನಲ್ಲಿ ಹಾಕಿದ್ರೆ 22 ಹರ್ಟ್ಸ್‌ನಲ್ಲಿ ಕೂತಿರ್ತೀರಿ, ಯಾರಿಗೂ ಕೇಳಲ್ಲ, ಆಂಪ್ಲಿಫೈಯರ್ ಮಾತ್ರ ಬಿಸಿ.

ಫೋನ್‌ನಲ್ಲೂ ಬಾಸ್ ಗೊತ್ತಾಗಬೇಕಾದ್ರೆ ಸಬ್ ಟ್ರ್ಯಾಕ್‌ಗೆ ಸ್ವಲ್ಪ ಸ್ಯಾಚುರೇಷನ್ (ಮೆದು ಡಿಸ್ಟಾರ್ಷನ್) ಕೊಡಿ. 43.65ರ ಮೇಲೆ 87, 131 ಹೀಗೆ ಹಾರ್ಮೋನಿಕ್ ಹುಟ್ಟುತ್ತವೆ, ಮೂಲ ಸ್ವರ ಬಾರದ ಸ್ಪೀಕರ್‌ನಲ್ಲೂ ಕಿವಿ ಅದನ್ನ ಊಹಿಸ್ಕೊಳ್ಳುತ್ತೆ.

ಗುಬ್ಬಿ_808

ಎಲ್‌ಎಫ್‌ಒ ಶೇಪ್ ಬಗ್ಗೆ ಯಾರೂ ಹೇಳಿಲ್ಲ, ವೊಬಲ್‌ನ ಜೀವ ಇರೋದೇ ಅಲ್ಲಿ. ಎಲ್ಲರೂ ರೇಟ್ ಹಿಂದೆ ಬೀಳ್ತಾರೆ. ಶೇಪ್ ನೋಡಿ ಮೊದಲು. ಬೇಗ ತೆರೆದು ನಿಧಾನ ಮುಚ್ಚಿದ್ರೆ 'ಯಾವ್', ನಿಧಾನ ತೆರೆದು ಬೇಗ ಮುಚ್ಚಿದ್ರೆ 'ವ್ವಾ'. ಬರೀ ಸೈನ್ ಶೇಪ್ ಇಟ್ರೆ 'ವೊಂವ್ ವೊಂವ್' ಅಷ್ಟೇ, ಎರಡು ಬಾರ್‌ಗೆ ಬೇಜಾರು ಬರುತ್ತೆ.

ಟಿಕ್ ಸದ್ದಿಗೆ ಕಾರಣ, ಶೇಪ್ ಮೇಲಿನಿಂದ ಕೆಳಗೆ ಒಂದೇ ಗೆರೆಯಲ್ಲಿ ಬೀಳ್ತಿರೋದು. ಕಟಾಫ್ ಒಂದು ಕ್ಷಣದಲ್ಲಿ 2 ಕಿಲೊಹರ್ಟ್ಸ್‌ನಿಂದ 120ಕ್ಕೆ ನೆಗೆಯುತ್ತೆ. 140 ಬಿಪಿಎಂನಲ್ಲಿ 1/8 ಅಂದ್ರೆ 214 ಮಿಲಿಸೆಕೆಂಡ್. ಅದರಲ್ಲಿ ಕೊನೆಯ ಶೇಕಡ 5, ಅಂದ್ರೆ 10 ಮಿಲಿಸೆಕೆಂಡ್‌ನಷ್ಟು ಗೆರೆಯನ್ನ ಓರೆ ಮಾಡಿದ್ರೆ ಟಿಕ್ ಹೋಗುತ್ತೆ. ಸ್ಮೂತ್ ನಾಬ್‌ನಿಂದಲೂ ಆಗುತ್ತೆ, ಆದ್ರೆ ಅದು ಏಟಿನ ಮೊದಲ ಮೊನೆಯನ್ನೂ ಮೊಂಡು ಮಾಡುತ್ತೆ.

ನೋಟ್ ಎಲ್ಲೆಲ್ಲಿಂದಲೋ ಶುರುವಾಗ್ತಿದೆ ಅಂದ್ರೆ ಎಲ್‌ಎಫ್‌ಒ 'ಸಿಂಕ್' ಮೋಡ್‌ನಲ್ಲಿದೆ. ಅದು ಹಾಡಿನ ಪ್ಲೇಹೆಡ್ ಹಿಡ್ಕೊಂಡು ಓಡುತ್ತೆ, ನೋಟ್ ಯಾವಾಗ ಬಂತು ಅಂತ ನೋಡಲ್ಲ. 'ಟ್ರಿಗರ್' ಇಟ್ರೆ ಪ್ರತಿ ಹೊಸ ನೋಟ್‌ಗೂ ಮೊದಲಿಂದ. ಲೆಗಾಟೊದಲ್ಲಿ ಒಂದರ ಮೇಲೊಂದು ಏರಿದ ನೋಟ್‌ಗೆ ಮಾತ್ರ ಮರುಶುರು ಆಗಲ್ಲ, ಇದು ಬೇಕಾದಾಗ ಉಪಯೋಗವೇ.

ಆದ್ರೆ ತಮಟೆ ಜೊತೆಗೆ ನಾನಾಗಿದ್ರೆ 1/8 ಇಡಲ್ಲ. ರೇಟ್ 1/1 ಮಾಡಿ, ಒಂದು ಬಾರ್ ಪೂರ್ತಿ ಕೈಯಲ್ಲೇ ಬರೀರಿ: ಮೊದಲ ಬೀಟ್‌ನಲ್ಲಿ ಒಂದು ಗುಡ್ಡೆ (ಏರಿ ಇಳಿಯೋ ಒಂದು ವೊಬಲ್), ಎರಡನೇದರಲ್ಲಿ ಎರಡು, ಮೂರು ಮತ್ತು ನಾಲ್ಕರಲ್ಲಿ ಮೂರು ಮೂರು. ಬೀಟ್‌ಗೆ ಮೂರು ಅಂದ್ರೆ ತಿಶ್ರ, 140ರಲ್ಲಿ ಗುಡ್ಡೆಗೆ 143 ಮಿಲಿಸೆಕೆಂಡ್, ಅಂದ್ರೆ 7 ಹರ್ಟ್ಸ್. ತಮಟೆಯ ತಿಶ್ರದ ಹೊಡೆತಕ್ಕೆ ಅದು ಹೇಗೆ ಕಚ್ಚಿಕೊಳ್ಳುತ್ತೆ ಕೇಳಿ ನೋಡಿ. ಈ ಬಾರ್ ಉದ್ದದ ಶೇಪ್‌ಗೆ ಮಾತ್ರ ಸಿಂಕ್ ಮೋಡ್ ಸರಿ. ಟ್ರಿಗರ್ ಇಟ್ಟು ಚಿಕ್ಕ ನೋಟ್ ಹಾಕಿದ್ರೆ ಯಾವಾಗಲೂ ಮೊದಲ ಗುಡ್ಡೆಯೇ ಬರ್ತಿರುತ್ತೆ.

ನಿಮ್ಮ ತಮಟೆ ಲೂಪ್ ಎಲ್ಲಿಂದ ಬಂತು? ಲೈವ್ ರೆಕಾರ್ಡಿಂಗ್ ಆಗಿದ್ರೆ ಅದು ಮೆಟ್ರೊನೋಮ್ ಕ್ಲಿಕ್‌ಗೆ ಹೊಡೆದದ್ದಲ್ಲ. ಕಲಾವಿದರು ಹುಮ್ಮಸ್ಸು ಬಂದ ಹಾಗೆ ವೇಗ ಏರಿಸ್ತಾರೆ, ಆ ವಾದ್ಯದ ಸೊಗಸೇ ಅದು. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ತಂದುಕೊಟ್ಟ ವಾದ್ಯ, ಮೆಟ್ರೊನೋಮ್ ಮುಂದೆ ಕೂರಿಸಿ ಅವಮಾನ ಮಾಡಬೇಡಿ. ಆದ್ರೆ 36 ಮಿಲಿಸೆಕೆಂಡ್ ಜಾರಿದ್ರೆ ಸಾಕು, 7 ಹರ್ಟ್ಸ್ ವೊಬಲ್‌ನಲ್ಲಿ ಅದು ಕಾಲು ಸುತ್ತು. ಪೆಟ್ಟು ಬಿದ್ದಾಗ ಫಿಲ್ಟರ್ ಇನ್ನೂ ಮುಚ್ಚಿರುತ್ತೆ. ಲೂಪನ್ನ ಎಫ್‌ಎಲ್‌ನ ಸ್ಲೈಸೆಕ್ಸ್‌ಗೆ (ಲೂಪ್ ತುಂಡರಿಸೋ ಪ್ಲಗಿನ್) ಹಾಕಿ, ಪ್ರತಿ ಬೀಟ್‌ನ ಮೊದಲ ಪೆಟ್ಟನ್ನ ಮಾತ್ರ ಗ್ರಿಡ್‌ಗೆ ಕೂರಿಸಿ, ನಡುವಿನ ಪೆಟ್ಟುಗಳನ್ನ ಇದ್ದ ಹಾಗೇ ಬಿಡಿ.

ಶಿರಾಗೇಟ್_ಬೀಟ್ಸ್

ಎಲ್ಲರಿಗೂ ಥ್ಯಾಂಕ್ಸ್ ಅಣ್ಣ. ಎರಡು ಟ್ರ್ಯಾಕ್ ಮಾಡಿ, ಜಿ ಸ್ಕೇಲ್‌ಗೆ ಎತ್ತಿದೆ. ಮೋನೊದಲ್ಲೂ ಈಗ ಕುಣೀತಿದೆ, ಟಿಕ್ ಹೋಯ್ತು. ಎರಡು ಉಳಿದಿವೆ: ಫಿಲ್ಟರ್ ಏರುವಾಗ ಮಧ್ಯದಲ್ಲಿ ಸಿಳ್ಳೆ ಥರ ಚೂಪು ಸದ್ದು. ಮತ್ತೆ ವೊಬಲ್ ತೆರೆದಾಗಲೆಲ್ಲ ಸಬ್ ಒಳಗೆ ಹೋಗುತ್ತೆ (ಮೆತ್ತಗಾಗುತ್ತೆ), ಬೇರೆ ಟ್ರ್ಯಾಕ್ ಮಾಡಿದ್ರೂ.

ಕೋಲಾರ_ಲೋಎಂಡ್

ಸಿಳ್ಳೆ ರೆಸೊನೆನ್ಸ್‌ದು. ಅದರ ಶಿಖರ ಒಂದೊಂದೇ ಹಾರ್ಮೋನಿಕ್ ದಾಟುವಾಗ ಅದನ್ನ ಎತ್ತಿ ಹಿಡಿಯುತ್ತೆ. ಶೇಕಡ 15ಕ್ಕೆ ಇಳಿಸಿ, ಕಮ್ಮಿಯಾದ ಖಾರವನ್ನ ಫಿಲ್ಟರ್ ಡ್ರೈವ್‌ನಿಂದ ತುಂಬಿಸಿ.

ಸಬ್ ಒಳಗೆ ಹೋಗ್ತಿರೋದು ಮಾಸ್ಟರ್ ಲಿಮಿಟರ್‌ನಿಂದ (ಸದ್ದು ಮಿತಿ ಮೀರದಂತೆ ಒತ್ತೋ ಪ್ಲಗಿನ್). ಫಿಲ್ಟರ್ ತೆರೆದಾಗ ಮಿಡ್ ಟ್ರ್ಯಾಕ್‌ನ (ವೊಬಲ್ ಇರೋದು) ಪೀಕ್ ಏರುತ್ತೆ, ಲಿಮಿಟರ್ ಎಲ್ಲವನ್ನೂ ಒಟ್ಟಿಗೆ ಒತ್ತುತ್ತೆ, ಸಬ್ಬನ್ನೂ ಸೇರಿಸಿ. ಮಿಡ್ ಟ್ರ್ಯಾಕ್‌ನಲ್ಲೇ ಸಾಫ್ಟ್ ಕ್ಲಿಪ್ಪರ್ (ಪೀಕ್‌ನ ತುದಿ ಕತ್ತರಿಸೋ ಪ್ಲಗಿನ್) ಹಾಕಿ 3ರಿಂದ 4 ಡಿಬಿ ಅಲ್ಲೇ ಕತ್ತರಿಸಿ, ಹೈ ಪಾಸ್ ಅದಾದ ಮೇಲೆ. ಮಾಸ್ಟರ್ ಪೀಕ್ ಲಿಮಿಟರ್‌ಗೆ ಮೊದಲು −6 ಡಿಬಿ ಹತ್ತಿರ ಇರಲಿ. ತಮಟೆ ಪೆಟ್ಟಿಗೆ ಜಾಗ ಬೇಕಿದ್ರೆ ಸೈಡ್‌ಚೈನನ್ನ (ಪೆಟ್ಟು ಬಿದ್ದಾಗ ಇನ್ನೊಂದು ಟ್ರ್ಯಾಕ್ ತಗ್ಗಿಸೋದು) ಮಿಡ್‌ಗೆ ಮಾತ್ರ ಕೊಡಿ, 3 ಡಿಬಿ, ರಿಲೀಸ್ (ತಗ್ಗಿದ ಸದ್ದು ಮತ್ತೆ ಏರೋ ಹೊತ್ತು) 80 ಮಿಲಿಸೆಕೆಂಡ್. ರಿಲೀಸ್ 143 ದಾಟಿದ್ರೆ ವೊಬಲ್‌ನ ಗುಡ್ಡೆಗಳನ್ನೇ ತಿಂದುಹಾಕುತ್ತೆ.

ಪೆನ್‌ಡ್ರೈವ್‌ಗೆ ವೇವ್ ಅಥವಾ 320ರ ಎಂಪಿ3 ಹಾಕಿಕೊಡಿ. ಮಾಸ್ಟರ್‌ನಲ್ಲಿ 60 ಹರ್ಟ್ಸ್ ಬೂಸ್ಟ್ ಬೇಡ. ಸೆಟ್ ಆಪರೇಟರ್ ಅಲ್ಲಿ ಆಗಲೇ ಹಾಕಿಟ್ಟಿರ್ತಾನೆ, ಹೇಳಿದ್ರೂ ತೆಗೆಯಲ್ಲ.