ಅತ್ತಿಗೆ, ಭಾನುವಾರಕ್ಕೆ ಮುಂಚೆ ಇದನ್ನು ಕೇಳಿ

ಅತ್ತಿಗೆ, ಟೈಪ್ ಮಾಡುವಷ್ಟು ತಾಳ್ಮೆ ಇಲ್ಲ, ಅದಕ್ಕೆ ನಮ್ಮ ಮನೆಯವರ ಗ್ರೂಪ್‌ಗೇ ವಾಯ್ಸ್ ಕಳಿಸುತ್ತಿದ್ದೇನೆ. ನಿಮ್ಮ ಪುಟ್ಟ ಭಾನುವಾರ ಡಿ-ಅಡಿಕ್ಷನ್ ಸೆಂಟರ್‌ನಿಂದ ಬರುತ್ತಾನೆ, ಮನೆಯಲ್ಲಿ ಹೇಗೆ ನೋಡಿಕೊಳ್ಳಲಿ ಅಂತ ಕೇಳಿದ್ದೀರಿ. ದೊಡ್ಡಪ್ಪ, ನೀವು 'ಒಂದು ಮದುವೆ ಮಾಡಿ, ತಾನೇ ಸರಿಹೋಗುತ್ತಾನೆ' ಅಂದಿರಿ. ಬೇಜಾರು ಮಾಡಿಕೊಳ್ಳಬೇಡಿ, ಅದೊಂದು ಬೇಡ. ಯಾರದೋ ಮನೆ ಹುಡುಗಿ ಇವನಿಗೆ ಮಾತ್ರೆಯಾ?

ಇವತ್ತು ಹೇಳಿಯೇ ಬಿಡುತ್ತೇನೆ. ನಮ್ಮ ಮಗ ಪುಣೆಯಲ್ಲಿ ಕೋರ್ಸ್ ಮಾಡುತ್ತಿದ್ದಾನೆ ಅಂದಿದ್ದೆವಲ್ಲ, ಸುಳ್ಳು. ಅವನೂ ಇಂಥ ಕಡೆಯೇ ಇದ್ದ. ಗಾಂಜಾದಿಂದ ಶುರುವಾಗಿ ನಶೆ ಏರಿಸುವ ನೋವಿನ ಮಾತ್ರೆಗೆ ಹೋಗಿತ್ತು.

ನಾನೇನು ಕಡಿಮೆ ಮಾಡಿದೆನಾ? ಅಂಗಿ ಮೂಸಿ ನೋಡುತ್ತಿದ್ದೆ, ಜೇಬು ತಡಕುತ್ತಿದ್ದೆ. ಇವರಿಗೆ ಗೊತ್ತಾಗದ ಹಾಗೆ ಬಳೆ ಅಡವಿಟ್ಟು ಅವನ ಸಾಲ ತೀರಿಸಿದೆ. ಆಫೀಸಿಗೆ ಫೋನ್ ಮಾಡಿ ಜ್ವರ ಅಂದಿದ್ದೂ ನಾನೇ. ಕೌನ್ಸೆಲರ್ ಮೇಡಂ ಕೇಳಿದರು, 'ಎಲ್ಲ ನೀವೇ ಸರಿಮಾಡಿದರೆ ಅವನಿಗೇನು ಬಿಸಿ ಮುಟ್ಟುತ್ತೆ?' ಅವತ್ತು ಮೈ ಉರಿದುಹೋಯಿತು. ಆಮೇಲೆ ಸಾಲ ತೀರಿಸುವುದು ನಿಲ್ಲಿಸಿದೆ. ಊಟ, ಆಸ್ಪತ್ರೆ ಖರ್ಚು ಮಾತ್ರ ನಮ್ಮದು.

ಮೊದಮೊದಲು ನಿದ್ದೆ ಬರಲ್ಲ, ಸಿಡಿಮಿಡಿ ಜಾಸ್ತಿ. ಪ್ರತಿ ಸಿಟ್ಟಿಗೂ 'ಮತ್ತೆ ತಗೊಂಡ್ಯಾ?' ಅನ್ನಬೇಡಿ. ಫಾಲೋ-ಅಪ್‌ಗೆ ಯಾರಾದರೂ ಜೊತೆಗೆ ಹೋಗಿ.

ನಮ್ಮವನು ಐದನೇ ತಿಂಗಳು ಜಾರಿದ, ಮತ್ತೆ ತಗೊಂಡ. ಅಲ್ಲೇ ಭಯ ನೋಡಿ. ಬಿಟ್ಟು ಸ್ವಲ್ಪ ದಿನವಾದರೆ ಮೈಗೆ ಹಳೇ ಪ್ರಮಾಣ ತಡೆಯಲ್ಲ. ನಶೆ ಏರಿಸುವ ನೋವಿನ ಮಾತ್ರೆ, ಹೆರಾಯಿನ್ ಇಂಥದ್ದನ್ನು ಮೊದಲಿನಷ್ಟೇ ತಗೊಂಡರೆ ಉಸಿರೇ ನಿಲ್ಲಬಹುದು. ಬೈಗುಳಕ್ಕೆ ಹೆದರಿ ಮುಚ್ಚಿಟ್ಟಿದ್ದರೆ ನಮ್ಮವನ ಗತಿ ಏನಾಗುತ್ತಿತ್ತೋ. ಅವನೇ ಬಂದು ಹೇಳಿದ, ಆ ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ನಿಮಗೂ ಆಸರೆ ಬೇಕು ಅತ್ತಿಗೆ. ಚೆನ್ನೈನ ಶಾಂತಿ ರಂಗನಾಥನ್ ಅವರು ಕುಡಿತದಿಂದ ಗಂಡನನ್ನು ಕಳೆದುಕೊಂಡವರು. 1980ರಲ್ಲಿ ಅವರು ಶುರು ಮಾಡಿದ ಟಿಟಿಕೆ ಆಸ್ಪತ್ರೆಯಲ್ಲಿ ಮನೆಯವರಿಗೂ ಬೇರೆಯಾಗಿ ಕೌನ್ಸೆಲಿಂಗ್ ಇದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ವ್ಯಸನ ಬಿಡಿಸುವ ವಿಭಾಗ ಇದೆ. 14446 ಸರ್ಕಾರದ ಉಚಿತ ಸಹಾಯವಾಣಿ, ಮನೆಯವರೂ ಫೋನ್ ಮಾಡಬಹುದು.

ಇನ್ನೊಂದು ಮಾತು. ಭಾನುವಾರ ಹಣ್ಣು ಹಿಡಿದುಕೊಂಡು ಗುಂಪಾಗಿ ನೋಡೋಕೆ ಹೋಗಬೇಡಿ. ದೊಡ್ಡಪ್ಪ, ನಿಮಗೂ ಸೇರಿಸಿಯೇ ಹೇಳುತ್ತಿದ್ದೇನೆ.