ಸಹಾಯ ಬೇಕು: ಚಳಿ, ಮಳೆ ಎರಡಕ್ಕೂ ಆಗುವ ಬೈಕ್ ಗ್ಲೌಸ್

5 ಡಿಗ್ರಿ ಚಳಿ, ಜೊತೆಗೆ ಮಳೆ. ಒಂದು ಗಂಟೆಯ ಹೆದ್ದಾರಿ ಸವಾರಿಗೆ ಗ್ಲೌಸ್ ಬೇಕು. ವಾಟರ್‌ಪ್ರೂಫ್ ಪದರ ಹೊರಗಿನ ಚರ್ಮಕ್ಕೇ ಅಂಟಿರಬೇಕು. ಅದು ಬಿಡಿಯಾಗಿದ್ದರೆ ಹೊರಚರ್ಮ ನೀರು ಕುಡಿದು ಭಾರವಾಗುತ್ತದೆ. ಒಳಗೆ ಒದ್ದೆಯಾಗದಿದ್ದರೂ ಗಾಳಿಗೆ ಬೆರಳು ಮರಗಟ್ಟುತ್ತವೆ. ಬೆವರಿದ ಕೈ ಎಳೆದಾಗ ಲೈನಿಂಗ್ ಕೂಡ ಹೊರಗೆ ಬಂದುಬಿಡುತ್ತದೆ, ಮತ್ತೆ ಬೆರಳು ತೂರಿಸುವುದೇ ಕಷ್ಟ.

ದಪ್ಪ ಪ್ಯಾಡಿಂಗ್ ಕೈಯ ಹಿಂಭಾಗಕ್ಕೆ ಸಾಕು. ಅಂಗೈ ತೆಳುವಾಗಿದ್ದರೇ ಬ್ರೇಕ್ ಲಿವರ್ ಸರಿಯಾಗಿ ಗೊತ್ತಾಗುವುದು, ಹೀಟೆಡ್ ಗ್ರಿಪ್‌ನ ಬಿಸಿಯೂ ತಲುಪುವುದು. ಮಣಿಕಟ್ಟಿನ ಭಾಗ ಜಾಕೆಟ್ ತೋಳಿನೊಳಗೆ ಹೋಗುವಂತಿರಲಿ. ಇಲ್ಲದಿದ್ದರೆ ತೋಳಿನಿಂದ ಇಳಿಯುವ ನೀರು ನೇರ ಗ್ಲೌಸ್‌ಗೆ.

ಇಂಥದ್ದು ಯಾವುದು ಬಳಸಿದ್ದೀರಿ, ದಯವಿಟ್ಟು ತಿಳಿಸಿ. ಬಿಗಿಯಾದರೆ ರಕ್ತ ಓಡದೆ ಚಳಿ ಹೆಚ್ಚುತ್ತದೆ. ಹಾಗಾಗಿ ಒಂದು ಸೈಜ್ ದೊಡ್ಡದು ಕೊಂಡು ತೆಳು ರೇಷ್ಮೆಯ ಒಳಗ್ಲೌಸ್ ಹಾಕಿದರೆ ಲಿವರ್ ಹಿಡಿತ ಜಾರುತ್ತದೆಯೇ?